ಮೀನಿನ ತೊಟ್ಟಿ ತೆಗೀಬೇಡಿ, ಮಳೆ ನೀರು ಹಾಕೋಣ



ನಮ್ಮ ಶಾಲೆಯ ಗಾಜಿನ ಮೀನಿನ ತೊಟ್ಟಿಯನ್ನು ತೆಗೆದು ಸಾಮಾನು ಕೋಣೆಗೆ ಹಾಕಬೇಕು ಅಂತ ಕೆಲವರು ಹೇಳುತ್ತಿದ್ದಾರೆ. ಕಾರಣ ಪಾಚಿ. ಗಾಜೆಲ್ಲ ಹಸಿರಾಗಿ ಒಳಗೆ ಗಪ್ಪಿ ಮೀನು ಇದೆಯೋ ಇಲ್ಲವೋ ಗೊತ್ತಾಗಲ್ಲ, ಅದು ನಿಜ. ಆದರೆ ಪಾಚಿ ಬಂತು ಅಂತ ತೊಟ್ಟಿಯನ್ನೇ ತೆಗೆಯುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ನಾವು ಹಾಕುತ್ತಿರುವುದು ಬೋರ್‌ವೆಲ್ ನೀರು. ಅದು ಎಷ್ಟು ಗಡಸು ಅಂದರೆ ಸೋಪು ನೊರೆ ಬರಲ್ಲ, ಮನೆಯ ಹಂಡೆಯೊಳಗೆ ಬಿಳಿ ಪದರ ಕಟ್ಟುತ್ತದೆ. ತೊಟ್ಟಿಯ ನೀರು ಆವಿಯಾದಾಗ ನೀರು ಮಾತ್ರ ಹೋಗುತ್ತದೆ, ಲವಣ ಅಲ್ಲೇ ಉಳಿಯುತ್ತದೆ. ಅದರ ಮೇಲೆ ಮತ್ತೆ ಬೋರ್‌ವೆಲ್ ನೀರು ಸುರಿದರೆ ಲವಣ ಇನ್ನೂ ಜಾಸ್ತಿ. ಸಾರನ್ನು ಕುದಿಸಿ ಕುದಿಸಿ ಇಂಗಿಸಿದರೆ ಉಪ್ಪಾಗುತ್ತಲ್ಲ, ಹಾಗೆ. ಹೊಲಕ್ಕೆ ಹಾಕಿದ ಯೂರಿಯಾ ಇಂಗಿ ಬೋರ್‌ವೆಲ್ ನೀರಿನಲ್ಲಿ ನೈಟ್ರೇಟ್ ಕೂಡ ಸೇರಬಹುದು. ಅದು ಪಾಚಿಗೆ ಗೊಬ್ಬರ.

ಮಳೆ ನೀರಿನಲ್ಲಿ ಲವಣ ಬಹಳ ಕಡಿಮೆ. ಆದ್ದರಿಂದ ಆವಿಯಾದಷ್ಟು ನೀರು ತುಂಬಲು ಅದೇ ಒಳ್ಳೆಯದು. ಹಾಗಂತ ಪೂರ್ತಿ ಮಳೆ ನೀರೇ ಹಾಕೋಣ ಅನ್ನಬೇಡಿ. ಗಪ್ಪಿಗೆ ಸ್ವಲ್ಪ ಗಡಸು ನೀರು ಬೇಕು. ಬರೀ ಮಳೆ ನೀರಾದರೆ ಅದರ ಆಮ್ಲತೆ ಬೇಗ ಏರುಪೇರಾಗುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು, ಅರ್ಧ ಮಳೆ ನೀರು ಅರ್ಧ ಬೋರ್‌ವೆಲ್ ನೀರು ಬೆರೆಸಿ ನಿಧಾನವಾಗಿ ಹಾಕಿದರೆ ಸಾಕು. ನಮ್ಮ ತೊಟ್ಟಿಯಲ್ಲಿ ಹಿಡಿಯುವುದು ಸುಮಾರು 50 ಲೀಟರ್, ಅಂದರೆ ವಾರಕ್ಕೆ ಒಂದು ಬಕೆಟ್.

ನೀರು ಎಲ್ಲಿಂದ ಅಂತ ಕೇಳಬೇಡಿ. 1 ಚದರ ಮೀಟರ್ ತಾರಸಿ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್. ನಮ್ಮ ಕೊಠಡಿಯ ತಾರಸಿ 10 ಮೀಟರ್ ಉದ್ದ, 6 ಮೀಟರ್ ಅಗಲ. 10 ಮಿಲಿಮೀಟರ್ ಮಳೆಗೆ 600 ಲೀಟರ್! (ಗಣಿತದ ಮೇಷ್ಟ್ರು ತಾಳೆ ನೋಡಬಹುದು.) ಆದರೆ ಬಿಸಿಲು ಕಾದ ಮೇಲೆ ಬರುವ ಮೊದಲ ಮಳೆ ಹಿಡಿಯಬಾರದು. ಅದರಲ್ಲಿ ಧೂಳು, ಪಾರಿವಾಳದ ಹಿಕ್ಕೆ ಎಲ್ಲಾ ಇರುತ್ತದೆ. ಹಿಕ್ಕೆಯೂ ಪಾಚಿಗೆ ಗೊಬ್ಬರವೇ.

ಇನ್ನೊಂದು ಮಾತು. ಮಳೆ ನೀರು ಹಾಕಿದ ತಕ್ಷಣ ಪಾಚಿ ಸಾಯಲ್ಲ. ಪಾಚಿಗೆ ಬೇಕಾಗಿರುವುದು ಬೆಳಕು ಮತ್ತು ಗೊಬ್ಬರ. ತೊಟ್ಟಿ ಇಟ್ಟಿರುವುದು ಪೂರ್ವದ ಕಿಟಕಿ ಪಕ್ಕ, ಬೆಳಗಿನ ಬಿಸಿಲು ನೇರ ಬೀಳುತ್ತದೆ. ಗೊಬ್ಬರ ಹಾಕುವವರು ನಾವೇ. ಒಬ್ಬರು ಪುರಿ, ಒಬ್ಬರು ಬಿಸ್ಕತ್ತು, ಬಿಸಿಯೂಟದ ದಿನ ಅನ್ನ! ಅಷ್ಟು ಚಿಕ್ಕ ಮೀನು ಎಷ್ಟು ತಿಂದೀತು? ತಿನ್ನದೆ ಉಳಿದದ್ದು ಕೊಳೆತು ಪಾಚಿಗೆ ಊಟವಾಗುತ್ತದೆ. ದಿನಕ್ಕೊಮ್ಮೆ, ಒಬ್ಬರೇ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಹಾಕಬೇಕು. ತೊಟ್ಟಿಯನ್ನು ಎದುರಿನ ಗೋಡೆಗೆ ಸರಿಸಬೇಕು. ಕೆರೆಯಿಂದ ಹೈಡ್ರಿಲ್ಲಾ ತಂದು ಚೆನ್ನಾಗಿ ತೊಳೆದು ಹಾಕಿದರೆ, ಪಾಚಿಯ ಪಾಲಿನ ಗೊಬ್ಬರವನ್ನು ಅದು ಹೀರುತ್ತದೆ.

ಬ್ಲೀಚಿಂಗ್ ಪೌಡರ್ ಹಾಕೋಣ ಅನ್ನುವವರಿಗೆ ನನ್ನದು ಒಂದೇ ಮಾತು, ಪಾಚಿಗಿಂತ ಮೊದಲು ಮೀನು ಸಾಯುತ್ತವೆ. ತೋಟಕ್ಕೆ ಹೊಡೆಯುವ ಮೈಲುತುತ್ತ ಪಾಚಿ ಕೊಲ್ಲುತ್ತದೆ ನಿಜ, ಆದರೆ ಅದರ ತಾಮ್ರ ಮೀನಿಗೂ ವಿಷ. ಮಳೆ ನೀರಿನಂಥ ಮೆದು ನೀರಿನಲ್ಲಂತೂ ಆ ವಿಷ ಇನ್ನೂ ಜೋರು.

ಗಪ್ಪಿ ಸೊಳ್ಳೆ ಮರಿ ತಿನ್ನುತ್ತದೆ ಅಂತ ಆರೋಗ್ಯ ಇಲಾಖೆಯವರೇ ಅದನ್ನು ನೀರಿನ ತೊಟ್ಟಿಗಳಿಗೆ ಬಿಡುತ್ತಾರೆ. ಅಂಥ ಮೀನನ್ನು ನಾವು ಕತ್ತಲೆ ಕೋಣೆಗೆ ಹಾಕುವುದೇ?

ಈಗ ಆಷಾಢದ ಮಳೆ ಬರುತ್ತಿದೆ. ಅಡುಗೆ ಕೋಣೆ ಹಿಂದೆ ಖಾಲಿ ಬಿದ್ದಿರುವ ನೀಲಿ ಡ್ರಮ್ಮನ್ನು ತಾರಸಿ ಪೈಪಿನ ಕೆಳಗೆ ಇಡಲು ಹೆಡ್ ಮೇಷ್ಟ್ರು ಅಪ್ಪಣೆ ಕೊಡಬೇಕು. ಅದು ಮೊದಲಿಂದಲೂ ನೀರಿನ ಡ್ರಮ್ಮೇ, ಔಷಧಿಯದ್ದಲ್ಲ, ಅಡುಗೆ ಅಕ್ಕನನ್ನು ಕೇಳಿದ್ದೇನೆ. ಮುಚ್ಚಳ ಇಲ್ಲ. ಬಿಸಿಲು, ಸೊಳ್ಳೆ ಒಳಗೆ ಹೋಗದ ಹಾಗೆ ನಾಲ್ಕು ಮಡಿಕೆ ಮಾಡಿ ಕಟ್ಟಲು ನಮ್ಮ ಅಜ್ಜನ ಹಳೇ ಪಂಚೆ ಸೋಮವಾರ ತರುತ್ತೇನೆ.

— ಏಳನೇ ತರಗತಿ