ಬಿಟ್ಟು ಹೋದವನ ಬೀಗದ ಕೈ

ಮೊನ್ನೆ ಶುಕ್ರವಾರ ಸಂಜೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಹೆಂಡತಿ ಜೊತೆ ತರಕಾರಿ ಕೊಳ್ತಾ ಇದ್ದೆ. ಫೋನ್ ಬಂತು. ನಮ್ಮ ಟೀಮಿಗೆ ಸೇರಿ ಇನ್ನೂ ಮೂರು ತಿಂಗಳಾಗದ ಹುಡುಗಿ.

"ಸರ್, ಬಿಲ್ಲಿನ ಲೆಕ್ಕ ಮಧ್ಯಾಹ್ನವೇ ಸರಿ ಮಾಡಿ ಗಿಟ್‌ಗೆ ಹಾಕಿದೀನಿ. ಗಿರಾಕಿಗಳಿಗೆ ಇನ್ನೂ ತಪ್ಪು ಬಿಲ್ಲೇ ಹೋಗ್ತಿದೆ. ಎಲ್ರೂ ನಂದೇ ತಪ್ಪು ಅಂತಿದಾರೆ..."

ಚೀಲ ಹೆಂಡತಿ ಕೈಗೆ ಕೊಟ್ಟು (ಅವಳು ನೋಡಿದ ನೋಟಕ್ಕೆ ಬೇರೆಯೇ ಒಂದು ಪೋಸ್ಟ್ ಬೇಕು) ಬಿಟಿಎಂ ಲೇಔಟಿನ ಆಫೀಸಿಗೆ ಓಡಿದೆ.

ಈ ಕಸುಬಿನವರಲ್ಲದ ಬ್ಲಾಗ್ ಮಿತ್ರರಿಗೆ ಎರಡು ಮಾತು. ಸರ್ವರಿನಲ್ಲಿ ಯಾವ ಆವೃತ್ತಿ ಓಡಬೇಕು ಅನ್ನೋ ಪಟ್ಟಿ ಗಿಟ್‌ಹಬ್‌ನಲ್ಲಿ, ಬೀಗ ಹಾಕಿದ ಕಪಾಟಿನಲ್ಲಿ ಇರುತ್ತೆ. ಆರ್ಗೋ ಸಿಡಿ ಅನ್ನೋ ತಂತ್ರಾಂಶ ಆಗಾಗ ಕಪಾಟು ತೆಗೆದು ನೋಡಿ, ಹೊಸದಿದ್ದರೆ ಕುಬರ್ನೆಟೀಸ್‌ಗೆ ಮುಟ್ಟಿಸುತ್ತೆ. ಬೀಗದ ಕೈ ಕೆಲಸ ಮಾಡದಿದ್ರೆ ಏನೂ ಕುಸಿದು ಬೀಳಲ್ಲ. ಹಳೇದೇ ಓಡ್ತಾ ಇರುತ್ತೆ. ಅದೇ ಅಪಾಯ.

ಪರದೆ ಮೇಲೆ 'ರೆಪಾಸಿಟರಿ ನಾಟ್ ಫೌಂಡ್' ಅಂತಿತ್ತು. ಎಲ್ಲರೂ ವಿಳಾಸದ ಸ್ಪೆಲಿಂಗ್ ತಿದ್ದುತ್ತಾ ಕೂತಿದ್ರು. ಒಬ್ಬರು ಪಾಡ್‌ಗಳನ್ನು ರೀಸ್ಟಾರ್ಟ್ ಮಾಡಿದ್ರು. ಇನ್ನೊಬ್ಬರು ಇಮೇಜ್ ಎಳೆಯೋ ಸೀಕ್ರೆಟ್ ಬದಲಾಯಿಸಿದ್ರು. ಅದಕ್ಕೂ ಗಿಟ್‌ಗೂ ಸಂಬಂಧವೇ ಇಲ್ಲ! ಪ್ರವೇಶ ಇಲ್ಲದವರಿಗೆ ಗಿಟ್‌ಹಬ್ 'ಅನುಮತಿ ಇಲ್ಲ' ಅನ್ನಲ್ಲ, 'ಅಂಥದ್ದೇ ಇಲ್ಲ' ಅನ್ನುತ್ತೆ. ಕಪಾಟು ಇದೆ ಅನ್ನೋದೂ ಹೊರಗಿನವರಿಗೆ ಗೊತ್ತಾಗಬಾರದು ಅಂತ.

ಬೀಗದ ಕೈ ಯಾರದು? ಹಿಂದಿನ ವಾರ ಕೆಲಸ ಬಿಟ್ಟವನ ಸ್ವಂತ ಟೋಕನ್. ಅವನನ್ನು ಕಂಪನಿಯ ಖಾತೆಯಿಂದ ತೆಗೆದರು, ಟೋಕನ್‌ನ ಪ್ರವೇಶವೂ ಹೋಯ್ತು. ಎರಡು ವರ್ಷದ ಹಿಂದೆ ಅದನ್ನು ಅಲ್ಲಿ ಅಂಟಿಸಿದ ಮಹಾಶಯ ಯಾರು? ನಾನೇ. "ಸದ್ಯಕ್ಕೆ ನಿನ್ ಟೋಕನ್ ಕೊಡು ಗುರೂ, ಆಮೇಲೆ ಸರಿ ಮಾಡೋಣ." ಆ 'ಆಮೇಲೆ' ಬರಲೇ ಇಲ್ಲ.

ಇಷ್ಟಾದ್ಮೇಲೆ ಮೀಟಿಂಗಿನಲ್ಲಿ ಬಂದ ಪರಿಹಾರ ಕೇಳಿ: "ಹಾಗಾದ್ರೆ ಈಗ ನಿಮ್ಮ ಟೋಕನ್ ಹಾಕ್ಬಿಡಿ!" ನನಗೆ ಮೈಯೆಲ್ಲ ಉರಿದುಹೋಯ್ತು.

2021ರ ಆಗಸ್ಟ್ 13ರಂದು ಗಿಟ್‌ಹಬ್ ಗಿಟ್ ಕೆಲಸಗಳಿಗೆ ಪಾಸ್‌ವರ್ಡ್ ನಿಲ್ಲಿಸಿತು. ಪಾಸ್‌ವರ್ಡ್ ಇದ್ದ ಜಾಗಕ್ಕೆ ಟೋಕನ್ ಅಂಟಿಸಿ ನಾವು ಕೈ ತೊಳ್ಕೊಂಡ್ವಿ. ಹಳೇ ಮಾದರಿಯ ಟೋಕನ್‌ಗೆ ರೆಪೊ ಅನುಮತಿ ಕೊಟ್ಟರೆ ಅದು ಆ ಮನುಷ್ಯ ತೆಗೀಬಲ್ಲ ಎಲ್ಲಾ ಕಪಾಟನ್ನೂ ತೆಗೆಯುತ್ತೆ, ಓದೋಕಷ್ಟೇ ಅಲ್ಲ, ಬರೆಯೋಕೂ. ಕುಬರ್ನೆಟೀಸ್ ಸೀಕ್ರೆಟ್ ಅನ್ನೋದು ಹೆಸರಿಗೆ ಮಾತ್ರ ಗುಟ್ಟು. ಬೇಸ್ 64 ಗೂಢಲಿಪಿ ಅಲ್ಲ, ಸೀಕ್ರೆಟ್ ನೋಡಬಲ್ಲ ಯಾರು ಬೇಕಾದ್ರೂ ಬಿಚ್ಚಿ ಓದಬಹುದು. ಮನೆ ಕೀ ಚಪ್ಪಲಿ ಸ್ಟ್ಯಾಂಡ್ ಕೆಳಗಿಟ್ಟ ಹಾಗೆ.

ಡಿಪ್ಲಾಯ್ ಕೀ ಅಂತ ಒಂದಿದೆ. ಒಂದೇ ರೆಪೊಗೆ, ನಾವಾಗಿ ಬರೆಯೋ ಅನುಮತಿ ಕೊಡದಿದ್ರೆ ಓದೋಕೆ ಮಾತ್ರ. ಮಾಡಿದವನು ಕೆಲಸ ಬಿಟ್ಟರೂ ನಡೆಯುತ್ತೆ. ಹತ್ತು ನಿಮಿಷದ ಕೆಲಸ. "ನಮ್ಮಲ್ಲಿ ನಲವತ್ತು ರೆಪೊ ಇವೆ" ಅಂತೀರಾ? ಒಪ್ಪಿದೆ, ಒಂದೇ ಕೀ ಎರಡು ರೆಪೊಗೆ ಆಗಲ್ಲ. ಹಾಗಿದ್ರೆ ಗಿಟ್‌ಹಬ್ ಆ್ಯಪ್ ಇದೆ, ಆರ್ಗೋ ಸಿಡಿಗೆ ಅದೂ ಗೊತ್ತು. "ಸಣ್ಣ ಕಂಪನಿ, ಇದೆಲ್ಲ ಯಾಕೆ" ಅಂತೀರಾ? ತಪ್ಪು ಬಿಲ್ ಕಟ್ಟಿದವರಿಗೆ ಕಂಪನಿ ಸಣ್ಣದೋ ದೊಡ್ಡದೋ ಯಾಕೆ ಬೇಕು!

ಬನಶಂಕರಿಯ ನಮ್ಮ ಮನೆ ಓನರ್ ಕಂಪ್ಯೂಟರ್ ಮುಟ್ಟಿದವರಲ್ಲ. ಆದ್ರೂ ಬಾಡಿಗೆಯವರು ಬದಲಾದ್ರೆ ಮೊದಲು ಬೀಗ ಬದಲಾಯಿಸ್ತಾರೆ. ಇಂಜಿನಿಯರುಗಳಾದ ನಮಗೆ ಅಷ್ಟೂ ಬುದ್ಧಿ ಬೇಡವೇ?

ರಾತ್ರಿ ಹತ್ತೂವರೆಗೆ ಡಿಪ್ಲಾಯ್ ಕೀ ಹಾಕಿ, ಲೆಕ್ಕ ಸರಿಹೋದದ್ದು ನೋಡಿ, ಎಲ್ಲರಿಗೂ ಮೇಲ್ ಹಾಕಿದೆ: ತಪ್ಪು ಆ ಹುಡುಗಿಯದಲ್ಲ, ನನ್ನದು.

ನೀವೂ ಸೋಮವಾರ ಹೋಗಿ ಒಮ್ಮೆ ನೋಡಿ... ನಿಮ್ಮಾಫೀಸಿನ ಬೀಗದ ಕೈ ಯಾರ ಹೆಸರಲ್ಲಿದೆ?