ದೊಡ್ಡಸ್ವಾಮಿಯವರ ಲೆಕ್ಕ

ಕಳೆದ ಅಕ್ಟೋಬರ್ ತಿಂಗಳ ಮಿಷನ್ ಭಾನುವಾರದಂದು ನಮ್ಮ ಧರ್ಮಕೇಂದ್ರದಲ್ಲಿ ಬಲಿಪೂಜೆಯನ್ನು ಅರ್ಪಿಸಿದವರು ನಮ್ಮ ಊರಿನವರೇ ಆದ ಒಬ್ಬ ಯುವ ಗುರುಗಳು. ಪೂರ್ವ ಆಫ್ರಿಕದ ತಾಂಜಾನಿಯ ದೇಶದಲ್ಲಿ ಸೇವೆಯಲ್ಲಿರುವ ಅವರು ರಜೆಯ ಮೇಲೆ ಬಂದಿದ್ದರು. ಪೂಜೆ ಮುಗಿಯುತ್ತಲೇ ದೇವಾಲಯದ ಅಂಗಳದಲ್ಲಿ ಜನ ಅವರನ್ನು ಸುತ್ತುವರಿದರು. "ಫಾದರ್, ಇದುವರೆಗೆ ಎಷ್ಟು ಜನರಿಗೆ ದೀಕ್ಷಾಸ್ನಾನ ಕೊಟ್ಟಿದ್ದೀರಿ?" ಎಂಬುದು ಮೊದಲ ಪ್ರಶ್ನೆ. "ಓಡಾಡಲು ಕಾರು ಇದೆಯೇ?" ಎಂಬುದು ಎರಡನೆಯದು. ಮೂರನೆಯದನ್ನು ಒಬ್ಬ ತಂದೆ ಅವರನ್ನು ಬದಿಗೆ ಕರೆದು ಕೇಳಿದರು: ತಮ್ಮ ಮಗನಿಗೆ ಅಲ್ಲಿ ಏನಾದರೂ ಕೆಲಸ ದೊರೆತೀತೇ? ಮೊದಲನೆಯ ಪ್ರಶ್ನೆಗೆ ಗುರುಗಳು ನಕ್ಕು, "ಅದು ಪುಸ್ತಕದಲ್ಲಿ ಬರೆದಿದೆ, ನನಗೆ ನೆನಪಿಲ್ಲ" ಎಂದುಬಿಟ್ಟರು. ಕೇಳಿದವರಿಗೆ ಈ ಉತ್ತರ ರುಚಿಸಲಿಲ್ಲ.

ಪಕ್ಕದಲ್ಲಿ ನಿಂತಿದ್ದ ನನಗೆ ಆಗ ಇನ್ನೊಬ್ಬ ಗುರುಗಳ ನೆನಪಾಯಿತು. ಅವರು ಪರದೇಶಕ್ಕೆ ಹೋದವರಲ್ಲ, ಪರದೇಶದಿಂದ ನಮ್ಮ ಮೈಸೂರು ಸೀಮೆಗೆ ಬಂದವರು. ಲೆಕ್ಕವನ್ನು ಅವರು ಮರೆತಿರಲಿಲ್ಲ. ಹಾಗೆ ಮರೆಯದಿದ್ದುದೇ ಅವರ ದುಃಖವಾಯಿತು.

ಅವರ ಹೆಸರು ಅಬ್ಬೆ ದುಬ್ವಾ. ಫ್ರೆಂಚರು ಗುರುಗಳನ್ನು ಗೌರವದಿಂದ ಕರೆಯುವ 'ಅಬ್ಬೆ' ಎಂಬ ಮಾತಿನ ಮೂಲದಲ್ಲಿ ತಂದೆಯೆಂಬ ಅರ್ಥವಿದೆ. ನಮ್ಮ ಹಳಗನ್ನಡದಲ್ಲಿ ಅಬ್ಬೆಯೆಂದರೆ ತಾಯಿ. ಪ್ಯಾರಿಸಿನ ವಿದೇಶ ಮಿಷನ್ ಸಂಘಕ್ಕೆ ಸೇರಿದ್ದ ಅವರು 1792ರಲ್ಲಿ, ಫ್ರಾನ್ಸಿನ ಮಹಾಕ್ರಾಂತಿಯು ಧರ್ಮಗುರುಗಳ ಮೇಲೆ ಕೆರಳಿ ನಿಂತಿದ್ದ ಕಾಲದಲ್ಲಿ, ತಾಯ್ನಾಡನ್ನು ಬಿಟ್ಟು ಹೊರಟರು. ಆ ಸಂಘದವರು ಹಡಗು ಹತ್ತುತ್ತಿದ್ದುದು ಹಿಂದಿರುಗುವ ಎಣಿಕೆಯಿಂದಲ್ಲ. ಜನರ ನಡುವೆ ಬದುಕಿ ಅಲ್ಲಿಯೇ ಮಣ್ಣಾಗುವುದು ಅವರ ವಾಡಿಕೆಯಾಗಿತ್ತು. ದುಬ್ವಾ ಅವರು ಮೊದಲು ತಮಿಳು ಸೀಮೆಯಲ್ಲಿದ್ದು, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಮೈಸೂರಿಗೆ ಬಂದರು.

ಇಲ್ಲಿ ಅವರು ಬದುಕಿದ ರೀತಿ ಸಾಮಾನ್ಯವಾದುದಲ್ಲ. ನಿಲುವಂಗಿ ತೊಟ್ಟು, ತಲೆಗೆ ರುಮಾಲು ಸುತ್ತಿ, ಮಾಂಸಾಹಾರವನ್ನು ತೊರೆದು, ಈ ನಾಡಿನ ಭಾಷೆಗಳನ್ನು ಕಲಿತು, ಊರಿಂದೂರಿಗೆ ಅಲೆದರು. ಜನ ಅವರನ್ನು 'ದೊಡ್ಡಸ್ವಾಮಿಯವರು' ಎಂದು ಕರೆದರು. ಹಾಸನದ ಸಮೀಪದ ಸಾತಳ್ಳಿಯಲ್ಲಿ ಬಡ ಕ್ರೈಸ್ತ ಕುಟುಂಬಗಳಿಗೆ ಬೇಸಾಯದ ನೆಲೆಯನ್ನು ಕಲ್ಪಿಸಿಕೊಟ್ಟರು. ಉಳಲು ಭೂಮಿ, ಇರಲು ಮನೆ, ನಡುವೆ ದೇವಾಲಯ.

ಅವರ ಕೆಲಸಗಳಲ್ಲಿ ನನ್ನ ಮನಸ್ಸನ್ನು ಹೆಚ್ಚು ಸೆಳೆಯುವುದು ಮೈಲಿ ಬೇನೆಯ ವಿರುದ್ಧ ಅವರು ನಡೆಸಿದ ಹೋರಾಟ. ಇಂಗ್ಲೆಂಡಿನ ವೈದ್ಯ ಜೆನ್ನರ್ ಗೋಮೈಲಿಯ ಕೀವಿನಿಂದ ಈ ರೋಗವನ್ನು ತಡೆಯಬಹುದೆಂದು 1798ರಲ್ಲಿ ಪ್ರಕಟಪಡಿಸಿದ್ದರು. 1802ರಲ್ಲಿ ಆ ವಿದ್ಯೆ ಮುಂಬಯಿಗೆ ಬಂದಿತು. ಆಗ ಶೀಶೆಯಲ್ಲಿ ತುಂಬಿಟ್ಟ ಲಸಿಕೆಯಿರಲಿಲ್ಲ. ಒಂದು ಮಗುವಿನ ತೋಳಿಗೆ ಹಾಕಿದರೆ, ಸುಮಾರು ಎಂಟನೆಯ ದಿನಕ್ಕೆ ಅಲ್ಲಿ ಎದ್ದ ಗುಳ್ಳೆಯ ರಸವನ್ನು ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕು. ಆ ಮಗುವಿನಿಂದ ಮತ್ತೊಂದಕ್ಕೆ. ಎಲ್ಲಿಯಾದರೂ ಒಬ್ಬ ತಾಯಿ ಹೆದರಿ ಮಗುವನ್ನು ಒಳಗೆ ಎಳೆದುಕೊಂಡರೆ ಸರಪಳಿಯೇ ಕಡಿದುಹೋಗುತ್ತಿತ್ತು. ಜನರಾದರೋ ಈ ಬೇನೆಯನ್ನು ಅಮ್ಮನ ಆಗಮನವೆಂದು ತಿಳಿದವರು, ಯಾರ ಮೈಯ ರಸ ಯಾರ ಮೈಗೆ ಎಂಬ ಮಡಿಮೈಲಿಗೆಯ ಆತಂಕವುಳ್ಳವರು. ಅಂಥ ಮನೆಗಳ ಬಾಗಿಲಲ್ಲಿ ನಿಂತು ಮಗುವಿನ ತೋಳನ್ನು ಚಾಚುವಂತೆ ತಾಯಿಯನ್ನು ಒಪ್ಪಿಸಬೇಕಾದರೆ ಆ ಸ್ವಾಮಿಯ ಮೇಲೆ ಎಂಥ ನಂಬಿಕೆಯಿದ್ದಿರಬೇಕು! ದುಬ್ವಾ ಅವರೂ ಅವರ ಸಹಾಯಕರೂ ಹೀಗೆ ಸಾವಿರಾರು ಜನರಿಗೆ ಮೈಲಿ ಹಾಕಿದರು. ಆ ತೋಳುಗಳಲ್ಲಿ ಎಷ್ಟು ಕ್ರೈಸ್ತರವು, ಎಷ್ಟು ಬೇರೆಯವರವು ಎಂದು ಬೇನೆಯೂ ವಿಚಾರಿಸುತ್ತಿರಲಿಲ್ಲ, ಸ್ವಾಮಿಯವರೂ ವಿಚಾರಿಸಿರಲಾರರು.

ಇಷ್ಟಾದರೂ 1823ರಲ್ಲಿ ದೊಡ್ಡಸ್ವಾಮಿಯವರು ಈ ನಾಡನ್ನು ಬಿಟ್ಟು ಹೊರಟುಹೋದರು. ಅದೇ ವರ್ಷ ಲಂಡನ್ನಿನಲ್ಲಿ, ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿಯನ್ನು ಕುರಿತು ಪತ್ರಗಳ ರೂಪದಲ್ಲಿ ಅವರೊಂದು ಪುಸ್ತಕವನ್ನು ಪ್ರಕಟಿಸಿದರು. ಓದಿದರೆ ಎದೆ ಭಾರವಾಗುತ್ತದೆ. ಇಲ್ಲಿನ ಜನರನ್ನು ಕ್ರೈಸ್ತರನ್ನಾಗಿ ಮಾಡುವುದು ಅಸಾಧ್ಯವೆಂದು ಅವರು ಅದರಲ್ಲಿ ತೀರ್ಪು ಕೊಟ್ಟರು. ಇಷ್ಟು ವರ್ಷಗಳ ದುಡಿಮೆಯಲ್ಲಿ, ಅದೂ ಈ ನಾಡಿನವರೇ ಆದ ಇನ್ನೊಬ್ಬ ಗುರುವಿನ ನೆರವಿನಿಂದ, ತಾವು ಹೊಸದಾಗಿ ಧರ್ಮಸಭೆಗೆ ಸೇರಿಸಿಕೊಂಡವರು ಇನ್ನೂರರಿಂದ ಮುನ್ನೂರು ಮಂದಿ ಮಾತ್ರವೆಂದು ಒಪ್ಪಿಕೊಂಡರು. ಅವರಲ್ಲಿಯೂ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರೆನಿಸಿಕೊಂಡವರು, ಭಿಕ್ಷುಕರು ಎಂದು ಸೇರಿಸಿದರು.

ಈ ಪ್ರಾಮಾಣಿಕತೆಗೆ ತಲೆಬಾಗಬೇಕು. ಸೋತೆನೆಂದು ಮುದ್ರಿಸಿ ಹೇಳುವ ಮಿಷನರಿಗಳು ವಿರಳ; ಇಂದಿನ ನಮ್ಮ ಸಂಸ್ಥೆಗಳ ವಾರ್ಷಿಕ ವರದಿಗಳಲ್ಲಂತೂ ಅಂಥ ವಾಕ್ಯ ನನ್ನ ಕಣ್ಣಿಗೆ ಬಿದ್ದಿಲ್ಲ. ಆದರೆ ಆ ಕೊನೆಯ ಮಾತನ್ನು ಮಾತ್ರ ನಾನು ಒಪ್ಪಲಾರೆ. ಬಂದವರಲ್ಲಿ ಹೆಚ್ಚಿನವರು ಅಸ್ಪೃಶ್ಯರು, ಭಿಕ್ಷುಕರು ಎನ್ನುವುದು ಲೆಕ್ಕದಿಂದ ಕಳೆಯಬೇಕಾದ ಬಾಬ್ತು ಹೇಗಾಯಿತು? ಶುಭಸಂದೇಶವನ್ನು ದಿನವೂ ಓದುತ್ತಿದ್ದ ಕೈ ಅದನ್ನು ಹೇಗೆ ಬರೆಯಿತು? ಯೇಸುಸ್ವಾಮಿಯ ಔತಣದ ಸಾಮತಿಯಲ್ಲಿ ಮನೆ ತುಂಬಿದ್ದು ಎಂಥವರಿಂದ ಎಂಬುದು ನಮ್ಮ ಮಕ್ಕಳಿಗೂ ಗೊತ್ತು.

ದುಬ್ವಾ ಅವರ ಹೆಸರನ್ನು ಲೋಕದಲ್ಲಿ ಉಳಿಸಿದ್ದು ಹಿಂದೂ ಜನರ ನಡೆನುಡಿ, ಸಂಸ್ಕಾರಗಳನ್ನು ಕುರಿತ ಅವರ ದೊಡ್ಡ ಗ್ರಂಥ. ಅದರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿಯು ಹಣ ಕೊಟ್ಟು ಕೊಂಡು, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ಆಳುವವರಿಗೆ ಆಳಿಸಿಕೊಳ್ಳುವವರ ಪರಿಚಯ ಬೇಕಾಗಿತ್ತು. ಅದರ ಬಹುಭಾಗಕ್ಕೆ ಕೆರ್ದೂ ಎಂಬ ಯೇಸುಸಭೆಯ ಹಿರಿಯ ಗುರುಗಳ ಹಸ್ತಪ್ರತಿಯೇ ಆಧಾರವೆಂದು ಕಳೆದ ಶತಮಾನದ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಅದು ಹಾಗಿರಲಿ. ಆ ಗ್ರಂಥದಲ್ಲಿ ಮೆಚ್ಚುಗೆಯ ಮಾತುಗಳಿವೆ, ಸೂಕ್ಷ್ಮವಾದ ನೋಟವಿದೆ, ನಮ್ಮ ನೆರೆಹೊರೆಯವರ ಮುಂದೆ ಓದಲು ನಾವು ನಾಚಬೇಕಾದ ತಿರಸ್ಕಾರದ ಮಾತುಗಳೂ ಇವೆ. ಅವರು ಜನರ ಉಡುಪನ್ನು ಧರಿಸಿದ್ದು ಜನರ ವಿಶ್ವಾಸವನ್ನು ಗಳಿಸಲೆಂದು, ತಾವೇ ಹೇಳಿಕೊಂಡಂತೆ. ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಕಾಂಟನ ಒಂದು ವಿಚಾರವನ್ನು ನಮಗೆ ಮತ್ತೆ ಮತ್ತೆ ಹೇಳಿಕೊಡುತ್ತಿದ್ದರು: ಮನುಷ್ಯನನ್ನು ಬರಿಯ ಸಾಧನವೆಂದು ಬಗೆಯಬಾರದು, ಅವನು ತಾನೇ ಗುರಿ. ವೇಷ, ಭಾಷೆ, ಊಟ ಇವೆಲ್ಲ ಸಾಧನವಾದಾಗ, ಅವುಗಳ ಆಚೆಗಿರುವ ಮನುಷ್ಯರೂ ಮೆಲ್ಲನೆ ಸಾಧನವಾಗಿಬಿಡುವ ಅಪಾಯವಿದೆ. ಆಗ ಕೊನೆಗೆ ಉಳಿಯುವುದು ಎಣಿಕೆಯೇ. ಎಣಿಕೆ ಕಡಿಮೆಯಾದರೆ ಹೊರಟುಹೋಗುವುದಲ್ಲದೆ ಬೇರೆ ದಾರಿಯಿಲ್ಲ.

ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯವನ್ನು ಓದುಗರು ಒಮ್ಮೆ ತೆಗೆದು ನೋಡಬೇಕು. ಪ್ರಭು ತಮ್ಮ ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳುಹಿಸುವಾಗ ಹಣದ ಚೀಲವನ್ನು ಬೇಡವೆನ್ನುತ್ತಾರೆ, ಜೋಳಿಗೆಯನ್ನೂ ಬೇಡವೆನ್ನುತ್ತಾರೆ. ಹೋದ ಮನೆಯಲ್ಲಿ ಬಡಿಸಿದ್ದನ್ನು ಉಣ್ಣಿರಿ ಎನ್ನುತ್ತಾರೆ. ಅಂದರೆ ಕಳುಹಿಸಲ್ಪಟ್ಟವನು ಕೊಡುವುದಕ್ಕೆ ಮೊದಲು ಪಡೆಯುವುದನ್ನು ಕಲಿಯಬೇಕು. ಒಂದು ತುತ್ತಿಗೂ ಆ ಮನೆಯವರ ಋಣದಲ್ಲಿರಬೇಕು. ದೊಡ್ಡಸ್ವಾಮಿಯವರು ಕೊಡುವುದರಲ್ಲಿ ಕೊರತೆ ಮಾಡಿದವರಲ್ಲ. ಭೂಮಿ ಕೊಡಿಸಿದರು, ಮೈಲಿ ಹಾಕಿದರು. ಆದರೆ ಊರಿಗೆ ಮರಳಿದ ಮೇಲೆ ಅವರಿಗೆ ಪಿಂಚಣಿ ಬಂದದ್ದು ಕಂಪನಿಯಿಂದ. ಇಲ್ಲಿನ ಜನರಿಂದ ತಾವೇನು ಪಡೆದೆವೆಂದು ಅವರು ಎಲ್ಲಿಯಾದರೂ ಮನಸ್ಸು ಬಿಚ್ಚಿ ಬರೆದಿದ್ದರೆ ಆ ಪತ್ರಗಳು ಬೇರೆಯಾಗಿಯೇ ಇರುತ್ತಿದ್ದವು. ಅವರು 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು. ಹಾಸನದ ಸೀಮೆಯಲ್ಲಿ ಅವರು ನೆಟ್ಟ ವಿಶ್ವಾಸವಾದರೋ ಅವರು ಕೈಬಿಟ್ಟ ಮೇಲೆಯೂ ಸಾಯದೆ ಉಳಿಯಿತು.

ಈಗ ನಮ್ಮ ಸರದಿ ಬಂದಿದೆ. ಒಂದು ಕಾಲದಲ್ಲಿ ಮಿಷನರಿಗಳನ್ನು ಬರಮಾಡಿಕೊಂಡ ಕರ್ನಾಟಕದ ಮನೆಗಳಿಂದಲೇ ಗುರುಗಳೂ ಕನ್ಯಾಸ್ತ್ರೀಯರೂ ಆಫ್ರಿಕಕ್ಕೆ, ಯೂರೋಪಿಗೆ ಹೋಗುತ್ತಿದ್ದಾರೆ. ಅವರು ರಜೆಗೆ ಬಂದಾಗ ನಾವು ಕೇಳುವ ಪ್ರಶ್ನೆಗಳು ಅವರೊಡನೆ ವಿಮಾನ ಹತ್ತಿ ಹಿಂದಿರುಗುತ್ತವೆ ಎಂಬುದನ್ನು ತಂದೆತಾಯಿಗಳು ಗಮನಿಸಬೇಕು. ಎಣಿಕೆ ಕೇಳಿದರೆ ಎಣಿಸಲು ತೊಡಗುತ್ತಾರೆ. ಕಾರು ಕೇಳಿದರೆ ಕಾರಿನ ಚಿಂತೆ ಹತ್ತುತ್ತದೆ.

ಆ ಭಾನುವಾರ ಮಧ್ಯಾಹ್ನ ಯುವ ಗುರುಗಳ ಮನೆಯಲ್ಲಿ ಊಟಕ್ಕೆ ನಾನೂ ಇದ್ದೆ. ಅಲ್ಲಿಯ ಪದ್ಧತಿಯೊಂದನ್ನು ಅವರು ವರ್ಣಿಸುತ್ತಿದ್ದರು. ಯಾರ ಮನೆಗೆ ಹೋದರೂ ಹೊರಗೆ ನಿಂತು "ಹೋಡಿ" ಎಂದು ಕೂಗಬೇಕಂತೆ; ಒಳಗಿನಿಂದ "ಕರಿಬು" ಎಂಬ ದನಿ ಬಂದ ಮೇಲೆಯೇ ಹೊಸ್ತಿಲು ದಾಟಬೇಕಂತೆ. ಮೊದಲ ವರ್ಷದ ಬಹುಪಾಲು ತಾವು ಮಾಡಿದ ಕೆಲಸ ಹಾಗೆ ಬಾಗಿಲ ಹೊರಗೆ ನಿಲ್ಲುವುದೇ ಆಗಿತ್ತೆಂದು ನಗುತ್ತ ಹೇಳಿದರು. ಅಷ್ಟರವರೆಗೆ ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ ಅವರ ಅಜ್ಜಿ ತಲೆಯೆತ್ತಿ, "ಅಲ್ಲ ಮಗಾ, ನಿನಗೆ ಜ್ವರ ಬಂದರೆ ಅಲ್ಲಿ ಗಂಜಿ ಕಾಸಿ ಕೊಡುವವರು ಯಾರಿದ್ದಾರೆ?" ಎಂದು ಕೇಳಿದರು.

ಗುರುಗಳು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. ಮಲೇರಿಯ ಹಿಡಿದು ಎಂಟು ದಿನ ಮಲಗಿದ್ದಾಗ ಪಕ್ಕದ ಮನೆಯ ಒಬ್ಬ ಮುದುಕಿ ದಿನವೂ ಬಂದಳಂತೆ. ಆಕೆ ನಮ್ಮ ಸಭೆಯವಳಲ್ಲ. ಮೆಕ್ಕೆಜೋಳದ ಹಿಟ್ಟಿನ ಗಂಜಿ; ಅದಕ್ಕೆ ಅವರು ಉಜಿ ಎನ್ನುತ್ತಾರೆ. "ಕುಡಿಯದಿದ್ದರೆ ಬೈಯುತ್ತಿದ್ದಳು ಅಜ್ಜಿ, ನಿನ್ನ ಹಾಗೆಯೇ" ಎಂದರು. ಅಜ್ಜಿ ಆಕೆಯ ಹೆಸರನ್ನು ಕೇಳಿದರು. ಮೂರು ಸಲ ಹೇಳಿಸಿಕೊಂಡು, ನಾಲಿಗೆಗೆ ಸರಿಯಾಗಿ ಕೂರಿಸಿಕೊಂಡು, ಅಂದಿನ ಸಂಜೆಯ ಜಪಸರದಲ್ಲಿ ಅದನ್ನೂ ಸೇರಿಸಿದರು.