ಪಾಲಿಸಿಯೊಳಗೆ ಎರಡು ಸಿಡಿಲು

ನನ್ನ ಮನೆಯ ವಿಮಾ ಪಾಲಿಸಿಯಲ್ಲಿ ಸಿಡಿಲು ಎಂಬ ಪದ ಎರಡು ಕಡೆ ಬರುತ್ತದೆ. ಮೊದಲ ಸಲ ಬರುವುದು ಯಾವ ಅನಾಹುತಕ್ಕೆಲ್ಲ ಪರಿಹಾರ ಉಂಟು ಎಂಬ ಪಟ್ಟಿಯಲ್ಲಿ. ಅಲ್ಲಿ ಅದು ಬೆಂಕಿ, ಸ್ಫೋಟ, ಭೂಕಂಪ, ಚಂಡಮಾರುತ, ಪ್ರವಾಹಗಳ ಸಾಲಿನಲ್ಲಿ ಎದೆಯುಬ್ಬಿಸಿ ನಿಂತಿದೆ. ಎರಡನೆಯ ಸಲ ಬರುವುದು ಯಾವುದಕ್ಕೆ ಪರಿಹಾರ ಇಲ್ಲ ಎಂಬ ಪಟ್ಟಿಯಲ್ಲಿ, ಅದೂ ಆವರಣ ಚಿಹ್ನೆಯೊಳಗೆ. ವಿದ್ಯುತ್ ಅಥವಾ ಎಲೆಕ್ಟ್ರಾನಿಕ್ ಉಪಕರಣವೊಂದು ಅತಿಯಾದ ಒತ್ತಡದಿಂದ, ಶಾರ್ಟ್ ಸರ್ಕ್ಯೂಟ್‌ನಿಂದ, ಕಿಡಿ ಹಾರಿ, ತಾನೇ ಕಾದು ಅಥವಾ ವಿದ್ಯುತ್ ಸೋರಿ ಹಾಳಾದರೆ, ಆ ಉಪಕರಣಕ್ಕೆ ಪರಿಹಾರವಿಲ್ಲ. ಕಾರಣ ಯಾವುದೇ ಇರಲಿ. ಆಮೇಲೆ ಆವರಣದಲ್ಲಿ ಒಂದು ಮಾತು: ಸಿಡಿಲೂ ಸೇರಿ.

ಪಟ್ಟಿಯಲ್ಲಿ ಕೊಟ್ಟದ್ದನ್ನು ಆವರಣದಲ್ಲಿ ಕಸಿದುಕೊಳ್ಳುವ ಈ ವಾಕ್ಯದ ಬಗ್ಗೆ ನನಗೆ ಸಿಟ್ಟಿದೆ. ಪದ್ಯದ ಒಂದು ಅಲ್ಪವಿರಾಮದ ಬಗ್ಗೆ ಗಂಟೆಗಟ್ಟಲೆ ವಾದಿಸುವ ನಾವು, ಪ್ರತಿವರ್ಷ ದುಡ್ಡು ಕೊಟ್ಟು ಕೊಳ್ಳುವ ಈ ಪಠ್ಯವನ್ನು ಬೀರುವಿನ ಲಾಕರಿನಲ್ಲಿಟ್ಟು ಬೀಗ ಹಾಕುತ್ತೇವೆ. ಅದನ್ನು ಓದುವ ಕೆಲಸ ವಕೀಲರದು, ಏಜೆಂಟರದು ಎಂದುಕೊಂಡಿದ್ದೇವೆ. ನನ್ನ ವಾದ ಸರಳ. ಈ ಎರಡನೆಯ ಸಿಡಿಲು ಪಾಲಿಸಿಯಿಂದ ಹೊರಗೆ ಹೋಗಬೇಕು. ಅದಾಗದಿದ್ದರೆ, ಮೊದಲನೆಯ ಸಿಡಿಲಿನ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಕನ್ನಡದಲ್ಲಿ ಬಂದು ಕೂರಬೇಕು.

ನನ್ನ ಪ್ರಕರಣ ಇಷ್ಟು. ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಪ್ಪಯ್ಯ ಕೂಡಿಸಿಟ್ಟ ಒಂದು ಹಾಡಿನ ಸೆಟ್ಟು ಇತ್ತು: ಎಂಬತ್ತರ ದಶಕದ ಆಂಪ್ಲಿಫೈಯರ್, ಒಂದು ಕ್ಯಾಸೆಟ್ ಡೆಕ್, ರೆಕಾರ್ಡ್ ಪ್ಲೇಯರ್, ಎರಡು ಸ್ಪೀಕರ್. ಮೇ ತಿಂಗಳ ಒಂದು ಮಧ್ಯಾಹ್ನ, ಮಳೆ ಹನಿಯುವ ಮೊದಲೇ, ಮೊದಲ ಗುಡುಗಿನ ಜೊತೆಗೇ ತೋಟದಂಚಿನ ತೆಂಗಿನಮರಕ್ಕೆ ಸಿಡಿಲು ಹೊಡೆಯಿತು. ಮರದ ಪಕ್ಕದ ಕರೆಂಟ್ ಲೈನಿಗೆ ಏರಿದ ಒತ್ತಡ ಮನೆಯೊಳಗೆ ಬಂತು. ಮೀಟರ್ ಬೋರ್ಡ್ ಕಪ್ಪಾಯಿತು. ಆಂಪ್ಲಿಫೈಯರ್ ಮತ್ತು ಡೆಕ್ ಎರಡೂ ಸತ್ತವು. ಹೊಗೆ ಬಂತು, ಬೆಂಕಿ ಹತ್ತಲಿಲ್ಲ. ಬೆಂಕಿ ಹತ್ತಲಿಲ್ಲ ಎನ್ನುವುದೇ ನನಗೆ ಮುಳುವಾಯಿತು ಎಂದು ಆಮೇಲೆ ತಿಳಿಯಿತು.

ಪಾಲಿಸಿ ಮನೆಸಾಲದ ಜೊತೆ ಬಂದದ್ದು. ಸಹಿ ಹಾಕುವಾಗ ಬ್ಯಾಂಕಿನಲ್ಲಿ ನಾನು ಕೇಳಿದ್ದೆ, "ನಮ್ಮ ಕಡೆ ಸಿಡಿಲು ಜಾಸ್ತಿ, ಅದಕ್ಕೂ ಇದೆಯಾ?" ಎಂದು. "ಇದೆ ಸಾರ್, ಇಲ್ಲೇ ಬರೆದಿದೆ ನೋಡಿ" ಎಂದು ಮೊದಲ ಪಟ್ಟಿಯ ಮೇಲೆ ಬೆರಳಿಟ್ಟು ತೋರಿಸಿದರು. ಅವರು ಸುಳ್ಳು ಹೇಳಲಿಲ್ಲ. ಅರ್ಧ ಓದಿದರು. ಅರ್ಧ ಓದಿಸುವುದಕ್ಕೆ ಅನುಕೂಲವಾಗುವ ಹಾಗೆಯೇ ಆ ಪಠ್ಯ ಕಟ್ಟಿದೆ ಎನ್ನುವುದು ನನ್ನ ಆರೋಪ.

ಪರಿಶೀಲನೆಗೆ ಬಂದ ಸರ್ವೇಯರ್ ಒಳ್ಳೆಯ ಮನುಷ್ಯ. ಚಹಾ ಕುಡಿದು, ಫೋಟೋ ತೆಗೆದು, "ಇದಕ್ಕೆ ಬಿಲ್ ಇದೆಯಾ ಸಾರ್?" ಎಂದು ಕೇಳಿದರು. ಇತ್ತು, ಅಪ್ಪಯ್ಯ ಬಿಲ್ ಬಿಸಾಡುವವರಲ್ಲ. ಅವರು ಬಿಲ್ಲಿನ ಇಸವಿ ನೋಡಿ ನಕ್ಕರು. "ಮೂವತ್ತೈದು ವರ್ಷ ದಾಟಿದ ಮಾಲು. ಪಾಸಾದರೂ ಎಷ್ಟು ಬಂದೀತು? ಒಂದು ಬ್ಲೂಟೂತ್ ಸ್ಪೀಕರ್ ತಗೊಂಡುಬಿಡಿ." ಮೂರು ವಾರದ ಮೇಲೆ ಬಂದ ಇಂಗ್ಲಿಷ್ ಪತ್ರ ಆ ನಗುವಿನಷ್ಟೂ ಮೃದುವಾಗಿರಲಿಲ್ಲ. ಹಾನಿ ವಿದ್ಯುತ್ತಿನ ಒತ್ತಡದಿಂದ ಆಗಿದೆ, ಆದ್ದರಿಂದ ಹೊರಗಿಟ್ಟ ಪಟ್ಟಿಗೆ ಸೇರುತ್ತದೆ, ಕ್ಲೇಮು ತಿರಸ್ಕೃತ.

ಇಲ್ಲಿ ತರ್ಕವನ್ನು ಸ್ವಲ್ಪ ಹಿಂಬಾಲಿಸಿ. ಅದೇ ಷರತ್ತಿನ ಕೊನೆಯಲ್ಲಿ ಇನ್ನೊಂದು ಮಾತಿದೆ: ಈ ಹೊರಗಿಡುವಿಕೆ ಹಾಳಾದ ಆ ಒಂದು ಉಪಕರಣಕ್ಕೆ ಮಾತ್ರ ಅನ್ವಯಿಸುತ್ತದೆ. ಅಂದರೆ ಆಂಪ್ಲಿಫೈಯರಿಗೆ ಬೆಂಕಿ ಹತ್ತಿ ಪಕ್ಕದ ಪುಸ್ತಕದ ಕಪಾಟು ಸುಟ್ಟಿದ್ದರೆ ಕಪಾಟಿಗೆ ದುಡ್ಡು ಬರುತ್ತಿತ್ತು, ಆಂಪ್ಲಿಫೈಯರಿಗೆ ಬರುತ್ತಿರಲಿಲ್ಲ. ಇಂದಿನ ಮನೆಯೊಳಕ್ಕೆ ಸಿಡಿಲು ಬರುವ ದಾರಿ ಯಾವುದು? ಹೆಂಚು ಒಡೆದುಕೊಂಡು ಬರುವುದು ಅಪರೂಪ. ಕರೆಂಟ್ ತಂತಿ, ಕೇಬಲ್ ತಂತಿ, ಇಂಟರ್‌ನೆಟ್ ತಂತಿ ಹಿಡಿದು ಬರುವುದೇ ಹೆಚ್ಚು. ಬಂದು ಕೊಲ್ಲುವುದು ಫ್ರಿಜ್, ಟೀವಿ, ಮೋಡೆಮ್, ಕಂಪ್ಯೂಟರ್, ಆಂಪ್ಲಿಫೈಯರುಗಳನ್ನೇ. ಸಿಡಿಲು ಅತಿ ಹೆಚ್ಚು ಬಾರಿ ಮಾಡುವ ಹಾನಿಯನ್ನು ಹೊರಗಿಟ್ಟು, ಅಪರೂಪಕ್ಕೆ ಮಾಡುವ ಹಾನಿಯನ್ನು ಒಳಗಿಟ್ಟು, ಪಟ್ಟಿಯಲ್ಲಿ 'ಸಿಡಿಲು' ಎಂದು ಬರೆದರೆ ಅದನ್ನು ಏನೆಂದು ಕರೆಯಬೇಕು? ಛತ್ರಿ ಮಾರುವವನು ಮಳೆ ಬಂದಾಗ ಬಿಡಿಸಬೇಡಿ ಎಂದ ಹಾಗೆ.

ಇದು ಯಾವುದೋ ಒಂದು ಕಂಪನಿಯ ಕುತಂತ್ರವಲ್ಲ. 2021ರ ಏಪ್ರಿಲ್ 1ರಿಂದ ದೇಶದ ಮನೆ ವಿಮೆಗೆ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ಮಾದರಿಯ ಪಾಲಿಸಿ ಬಂದಿದೆ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವೇ ರೂಪಿಸಿದ್ದು. ಹಲವು ದೃಷ್ಟಿಯಿಂದ ಅದು ಒಳ್ಳೆಯ ಪಾಲಿಸಿ ಎಂದು ಒಪ್ಪುತ್ತೇನೆ. ಕಟ್ಟಡಕ್ಕೆ ಮಾಡಿಸಿದ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಾನುಗಳೂ ತಾವಾಗಿಯೇ ವಿಮೆಯೊಳಗೆ ಬರುತ್ತವೆ. ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದ್ದೀರಿ ಎಂದು ಪರಿಹಾರ ಕತ್ತರಿಸುವ ಹಳೆಯ ಚಾಳಿಯನ್ನೂ ಕೈಬಿಟ್ಟಿದ್ದಾರೆ. ಇಷ್ಟು ಮಾಡಿದವರು, ಹಳೆಯ ಅಗ್ನಿವಿಮೆಯಿಂದ ಇಳಿದು ಬಂದ ಆ ಆವರಣ ಚಿಹ್ನೆಯನ್ನು ಮಾತ್ರ ಹಾಗೇ ಉಳಿಸಿದರು. ಕಾರ್ಖಾನೆಯ ಮೋಟಾರುಗಳನ್ನು ಮನಸ್ಸಿನಲ್ಲಿಟ್ಟು ಬರೆದಂತಿರುವ ವಾಕ್ಯ ಇವತ್ತು ನಮ್ಮ ಜಗಲಿಗೆ ಬಂದು ಕೂತಿದೆ.

ಈ ಪತ್ರಿಕೆಯ ಓದುಗರಿಗೆ ಇನ್ನೂ ಒಂದು ವಿಷಯ ಹೇಳಬೇಕು. ಅದೇ ಹೊರಗಿಟ್ಟ ಪಟ್ಟಿಯಲ್ಲಿ, ಚಿನ್ನದ ಗಟ್ಟಿ, ನಾಣ್ಯ, ಚೆಕ್ಕುಗಳ ಜೊತೆಗೆ, ಹಸ್ತಪ್ರತಿಯೂ ಇದೆ. ಪ್ರತ್ಯೇಕವಾಗಿ ನಮೂದಿಸದ ಹೊರತು ನಿಮ್ಮ ಅಜ್ಜನ ತಾಳೆಗರಿಯಾಗಲಿ, ನಿಮ್ಮದೇ ಕಾದಂಬರಿಯ ಕೈಬರಹವಾಗಲಿ ಪಾಲಿಸಿಯ ಲೆಕ್ಕಕ್ಕಿಲ್ಲ. ಬರೆದದ್ದೂ ಇಲ್ಲ, ಕೇಳಿಸಿಕೊಳ್ಳುವ ಯಂತ್ರವೂ ಇಲ್ಲ. ಸೋಫಾ ಉಂಟು.

'ಬ್ಲೂಟೂತ್ ಸ್ಪೀಕರ್ ತಗೊಳ್ಳಿ' ಎಂಬ ಮಾತಿಗೆ ಉತ್ತರ ಕೊಡದೆ ಮುಂದೆ ಹೋಗಲಾರೆ. ಅಪ್ಪಯ್ಯ ಆ ಡೆಕ್ಕಿನಲ್ಲಿ ನಮ್ಮೂರಿನ ಸುತ್ತಿನ ತಾಳಮದ್ದಲೆ, ಗಮಕ ವಾಚನಗಳನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದರು. ನೂರಕ್ಕೂ ಹೆಚ್ಚು ಕ್ಯಾಸೆಟ್ಟು. ಆ ಅರ್ಥಧಾರಿಗಳಲ್ಲಿ ಹೆಚ್ಚಿನವರು ಈಗಿಲ್ಲ. ಕ್ಯಾಸೆಟ್ಟುಗಳಿಗೆ ಸಿಡಿಲಿನಿಂದ ಏನೂ ಆಗಲಿಲ್ಲ, ಆದರೆ ಕೇಳುವ ದಾರಿ ಮುಚ್ಚಿತು. ಬೇರೆ ಡೆಕ್ಕು ತಂದು ಹಾಕಿದರೆ ಆಯಿತಲ್ಲ ಎನ್ನಬಹುದು. ಟೇಪಿನ ಕಸುಬು ಗೊತ್ತಿರುವವರನ್ನು ಕೇಳಿ. ಟೇಪನ್ನು ಮುಟ್ಟುವ ಹೆಡ್ಡು ಪ್ರತಿ ಯಂತ್ರದಲ್ಲೂ ಕೂದಲೆಳೆಯಷ್ಟು ಬೇರೆ ಕೋನದಲ್ಲಿ ಕೂತಿರುತ್ತದೆ. ಒಂದು ಯಂತ್ರದಲ್ಲಿ ಧ್ವನಿಮುದ್ರಿಸಿದ್ದನ್ನು ಇನ್ನೊಂದರಲ್ಲಿ ಕೇಳಿದರೆ ತಾಳದ ಝಣಕು, 'ಸ'ಕಾರ 'ಶ'ಕಾರಗಳ ಅಂಚು ಮಂಕಾಗುತ್ತದೆ. ಹೆಡ್ಡನ್ನು ಮತ್ತೆ ಕೂರಿಸಿ ಸರಿಮಾಡಬಹುದು, ಅದಕ್ಕೂ ಬಲ್ಲ ಕೈ ಬೇಕು. ಮೇಲಾಗಿ, ಗೊರಗೊರ ಸದ್ದು ತಗ್ಗಿಸುವ ಡಾಲ್ಬಿ ತಂತ್ರವನ್ನು ಬಳಸಿ ಮುದ್ರಿಸಿದ ಟೇಪಿಗೆ ಕೇಳುವಾಗಲೂ ಅದೇ ತಂತ್ರ ಬೇಕು. ಹೊಸ ಕ್ಯಾಸೆಟ್ ಯಂತ್ರಗಳಿಗೆ ಡಾಲ್ಬಿ ಪರವಾನಗಿ ಈಗ ಸಿಗುವುದಿಲ್ಲ. ಹಾಗಾಗಿ ಈ ಸೆಟ್ಟಿನ ಬೆಲೆ ಅಂಗಡಿಯ ಬೆಲೆಯಲ್ಲ, ಅದು ಮತ್ತೆ ಹಾಡುವಂತೆ ಮಾಡಲು ತಗಲುವ ಖರ್ಚು. ಬೆಂಗಳೂರಿನ ಎಸ್.ಪಿ. ರಸ್ತೆಯ ಒಬ್ಬ ಮೆಕ್ಯಾನಿಕ್ ಎರಡನ್ನೂ ಬಿಚ್ಚಿ ನೋಡಿ, ಸುಟ್ಟ ಬಿಡಿಭಾಗಗಳ ಪಟ್ಟಿ ಬರೆದು, 22 ಸಾವಿರ ರೂಪಾಯಿ ಎಂದರು. ನಾನು ಕೇಳಿದ್ದು ಅಷ್ಟೇ.

ಬೆಲೆ ಕಟ್ಟುವುದು ಕಷ್ಟ ಎನ್ನುವ ಸಬೂಬನ್ನು ನಾನು ಒಪ್ಪುವುದಿಲ್ಲ. ಇದೇ ಪಾಲಿಸಿಯಲ್ಲಿ ಆಭರಣ, ವರ್ಣಚಿತ್ರ, ಕಲಾಕೃತಿ, ಅಪರೂಪದ ವಸ್ತುಗಳಿಗೆ ಮೊದಲೇ ಒಪ್ಪಿದ ಬೆಲೆಗೆ ವಿಮೆ ಪಡೆಯುವ ಅವಕಾಶ ಇದೆ. ಒಟ್ಟು ಮೊತ್ತ 5 ಲಕ್ಷದೊಳಗೆ, ಒಂದೊಂದು ವಸ್ತುವಿನ ಬೆಲೆ 1 ಲಕ್ಷದೊಳಗೆ ಇದ್ದರೆ ಬೆಲೆಯ ಪ್ರಮಾಣಪತ್ರವೂ ಬೇಡ. ನೋಡುವ ವಸ್ತುವಿಗೆ ಕೊಟ್ಟ ಈ ಮರ್ಯಾದೆಯನ್ನು ಕೇಳುವ ವಸ್ತುವಿಗೆ ಯಾಕೆ ಕೊಡಬಾರದು?

ಕಂಪನಿಗಳ ಕಡೆಯ ವಾದವೂ ಇದೆ, ಅದನ್ನು ತಳ್ಳಿಹಾಕಲಾಗದು. ವಯಸ್ಸಾಗಿ ಸತ್ತ ಯಂತ್ರವನ್ನು ಮೊದಲ ಮಳೆಯ ಲೆಕ್ಕಕ್ಕೆ ಬರೆಸುವವರು ಇದ್ದೇ ಇರುತ್ತಾರೆ, ಸಿಡಿಲು ಯಾವುದು ಸವೆತ ಯಾವುದು ಎಂದು ಹೇಗೆ ಹೇಳುವುದು ಎನ್ನುತ್ತಾರೆ. ಹಿಂದೆ ಈ ಪ್ರಶ್ನೆಗೆ ಬಲವಿತ್ತು, ಈಗ ಇಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 'ಸಿಡಿಲು' ಎಂಬ ಹೆಸರಿನದೇ ಆ್ಯಪ್ ತಂದಿದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ 'ದಾಮಿನಿ' ಇದೆ. ಸಿಡಿಲು ಎಲ್ಲಿ, ಯಾವಾಗ ಹೊಡೆಯಿತು ಎಂದು ಗುರುತಿಸುವ ಉಪಕರಣಗಳ ಜಾಲ ದೇಶದಲ್ಲಿದೆ. ಜೊತೆಗೆ ಸುಟ್ಟ ಮೀಟರ್ ಬೋರ್ಡ್, ಲೈನ್‌ಮನ್ನಿನ ವರದಿ, ಮೆಕ್ಯಾನಿಕ್ಕಿನ ಪಟ್ಟಿ ಇವೆಲ್ಲ ಸಾಕ್ಷಿಯೇ. ಸುಳ್ಳು ಕ್ಲೇಮನ್ನು ಸಾಕ್ಷಿ ಕೇಳಿ ತಡೆಯಬೇಕು. ನಿಜದ ಕ್ಲೇಮನ್ನೂ ಸೇರಿಸಿ ಬಾಗಿಲು ಹಾಕಿಕೊಳ್ಳುವುದು ಸೋಮಾರಿತನ.

ಗುಡುಗು ಕೇಳಿದ ಕೂಡಲೇ ಪ್ಲಗ್ ಕೀಳಿ, ಅರ್ಥಿಂಗ್ ಸರಿಮಾಡಿಸಿ, ಸರ್ಜ್ ತಡೆಯುವ ಸಾಧನ ಹಾಕಿಸಿ ಎಂಬ ಬುದ್ಧಿಮಾತೂ ಬಂತು. ಸರಿಯಾದ ಮಾತೇ, ಎಲ್ಲರೂ ಪಾಲಿಸಬೇಕಾದದ್ದೇ. ಆದರೆ ಬಾಗಿಲಿಗೆ ಬೀಗ ಇದೆ ಎಂದು ಕಳವಿನ ವಿಮೆ ಬೇಡ ಎನ್ನುತ್ತೇವೆಯೇ?

ಇನ್ನೊಂದು ಆಕ್ಷೇಪ ಹೆಚ್ಚು ಚುಚ್ಚುವಂಥದ್ದು. ಪ್ರತಿ ಬೇಸಗೆಯ ಕೊನೆಗೆ ಹೊಲದಲ್ಲಿ, ಮರದ ಬುಡದಲ್ಲಿ ಜನ ಸಿಡಿಲಿಗೆ ಸಾಯುತ್ತಿರುವಾಗ ನಿಮ್ಮದೇನು ಹಾಡಿನ ಪೆಟ್ಟಿಗೆಯ ಗೋಳು? ಒಬ್ಬ ಗೆಳೆಯರೇ ಕೇಳಿದರು. ಜೀವಕ್ಕೆ ಸಮನಾಗಿ ಪೆಟ್ಟಿಗೆಯನ್ನು ನಾನು ಇಡುತ್ತಿಲ್ಲ. ಆದರೆ ಆ ಷರತ್ತು 'ಹಾಡಿನ ಪೆಟ್ಟಿಗೆ' ಎಂದು ಹೇಳುವುದಿಲ್ಲ, 'ಯಾವುದೇ ಉಪಕರಣ' ಎನ್ನುತ್ತದೆ. ಸಾಲ ಮಾಡಿ ಕೊಂಡ ವಿದ್ಯಾರ್ಥಿಯ ಕಂಪ್ಯೂಟರೂ, ಮನೆಯಲ್ಲೇ ಬಟ್ಟೆ ಹೊಲಿಯುವ ಹೆಂಗಸಿನ ಮೋಟಾರೂ, ಇನ್ಸುಲಿನ್ ಇಡುವ ಫ್ರಿಜ್ಜೂ ಅದರಡಿಯೇ ಬರುತ್ತವೆ. ನನ್ನ ಆಂಪ್ಲಿಫೈಯರ್ ಬರೀ ನೆಪ.

ಕಾನೂನು ಏನನ್ನುತ್ತದೆ? ಸುಪ್ರೀಂ ಕೋರ್ಟ್ 2000ದಲ್ಲಿ ಮಾಡರ್ನ್ ಇನ್ಸುಲೇಟರ್ಸ್ ಪ್ರಕರಣದಲ್ಲಿ, ಗ್ರಾಹಕರಿಗೆ ತಿಳಿಸದ ಹೊರಗಿಡುವ ಷರತ್ತಿನ ಲಾಭವನ್ನು ಕಂಪನಿ ಪಡೆಯುವಂತಿಲ್ಲ ಎಂದಿತು. 2022ರ ನವೆಂಬರಿನಲ್ಲಿ ಟೆಕ್ಸ್ಕೋ ಮಾರ್ಕೆಟಿಂಗ್ ಪ್ರಕರಣ ಇನ್ನೂ ಸ್ವಾರಸ್ಯದ್ದು. ನೆಲಮಾಳಿಗೆಯ ಅಂಗಡಿಗೆ ವಿಮೆ ಕೊಟ್ಟು, ನೆಲಮಾಳಿಗೆಗೆ ಪರಿಹಾರವಿಲ್ಲ ಎಂಬ ಷರತ್ತು ಇಟ್ಟಿದ್ದರು. ಒಪ್ಪಂದದ ಮುಖ್ಯ ಉದ್ದೇಶವನ್ನೇ ಕೊಲ್ಲುವ ಇಂಥ ಷರತ್ತು ನಿಲ್ಲದು ಎಂದು ಕೋರ್ಟು ಹೇಳಿತು. ನಾನು ವಕೀಲನಲ್ಲ. ಆದರೆ ಮಲೆನಾಡಿನ ಮನೆಗೆ ಸಿಡಿಲಿನ ವಿಮೆ ಮಾರಿ, ತಂತಿಯಲ್ಲಿ ಬಂದ ಸಿಡಿಲು ಸಿಡಿಲಲ್ಲ ಎನ್ನುವುದು ಆ ನೆಲಮಾಳಿಗೆಯ ತಮ್ಮನ ಹಾಗೆ ಕಾಣುತ್ತದೆ.

ಮತ್ತೆ ಭಾಷೆಯ ಪ್ರಶ್ನೆ. 2002ರ ವಿಮಾ ನಿಯಮಾವಳಿಯಲ್ಲಿ, ವಿಮೆಯ ನಮೂನೆ ಮತ್ತು ದಾಖಲೆಗಳನ್ನು ಸಂವಿಧಾನ ಗುರುತಿಸಿದ ಭಾಷೆಗಳಲ್ಲಿ ಸಂದರ್ಭಾನುಸಾರ ಒದಗಿಸಬಹುದು ಎಂದಿತ್ತು. ಒದಗಿಸಬಹುದು, ಒದಗಿಸಬೇಕು ಅಲ್ಲ. ಆ 'ಬಹುದು'ವಿನ ಫಲವೇ ನನ್ನ ಕೈಯಲ್ಲಿರುವ ಇಂಗ್ಲಿಷ್ ಪಾಲಿಸಿ. ಸಿಡಿಲು ಬರುತ್ತಿದೆ ಎಂದು ಸರ್ಕಾರದ ಆ್ಯಪ್ ನನಗೆ ಕನ್ನಡದ ಹೆಸರಿನಲ್ಲಿ ಎಚ್ಚರಿಕೆ ಕೊಡುತ್ತದೆ. ಹೊಡೆದ ಮೇಲೆ ಕೊಡುವುದು ಏನೂ ಇಲ್ಲ ಎಂದು ಪಾಲಿಸಿ ಇಂಗ್ಲಿಷಿನಲ್ಲಿ ಹೇಳುತ್ತದೆ. ಕನ್ನಡದ ಬೋರ್ಡಿಗಾಗಿ ಬೀದಿಗಿಳಿಯುವ ನಾವು ಕನ್ನಡದ ಪಾಲಿಸಿಗಾಗಿ ಒಂದು ಪತ್ರವನ್ನೂ ಬರೆದಿಲ್ಲ. ಬೋರ್ಡು ಅಂಗಡಿಯ ಹೊರಗಿನದು. ವ್ಯವಹಾರ ಒಳಗೆ ನಡೆಯುತ್ತದೆ.

ನನ್ನ ದೂರು ಕಂಪನಿಯ ಕುಂದುಕೊರತೆ ಅಧಿಕಾರಿಯನ್ನು ದಾಟಿ ಈಗ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಮುಂದಿದೆ. ಅಲ್ಲಿಗೆ ಶುಲ್ಕವಿಲ್ಲ, ವಕೀಲರು ಬೇಡ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು. ಇಂಥ ಪತ್ರ ನಿಮಗೂ ಬಂದಿದ್ದರೆ ಲಾಕರಿನಲ್ಲಿಟ್ಟು ಸುಮ್ಮನಾಗಬೇಡಿ, ಹೋಗಿ. ಇನ್ನೂ ಬರದವರು ಪಾಲಿಸಿ ನವೀಕರಿಸುವ ಮೊದಲು ಒಂದು ಪ್ರಶ್ನೆ ಕೇಳಿ: "ಸಿಡಿಲು ಕರೆಂಟ್ ತಂತಿಯಲ್ಲಿ ಬಂದು ನನ್ನ ಮನೆಯ ಯಂತ್ರ ಸುಟ್ಟರೆ, ಬೆಂಕಿ ಹತ್ತದಿದ್ದರೂ, ದುಡ್ಡು ಕೊಡುತ್ತೀರಾ?" ಉತ್ತರವನ್ನು ಬಾಯಲ್ಲಿ ತೆಗೆದುಕೊಳ್ಳಬೇಡಿ. ಕನ್ನಡದಲ್ಲಿ, ಸಹಿ ಹಾಕಿ, ಆವರಣ ಚಿಹ್ನೆ ಇಲ್ಲದೆ ಬರೆದುಕೊಡಿ ಎನ್ನಿ.